ಜಿಂಕೆ ಬೇಟೆಗೆ ಯಾವ ಟ್ರೀ ಸ್ಟ್ಯಾಂಡ್? ಕ್ಲೈಂಬರ್, ಏಣಿ, ಸ್ಯಾಡಲ್ ಎಲ್ಲವನ್ನೂ ಬಳಸಿ ನೋಡಿದ ಮೇಲೆ

ಟ್ರೀ ಸ್ಟ್ಯಾಂಡ್ ಅಂದರೆ ಮರದ ಮೇಲೆ ಕೂತು ಜಿಂಕೆಗೆ ಕಾಯಲು ಬಳಸುವ ಆಸನ. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಅಲ್ಯುಮಿನಿಯಂ ಕ್ಲೈಂಬರ್, ಅಂದರೆ ಅದರಲ್ಲೇ ಮರ ಹತ್ತಿ ಅದರಲ್ಲೇ ಕೂರುವಂಥದ್ದು. ಅದರಲ್ಲೂ ಮರಕ್ಕೆ ಕೇಬಲ್ ಸುತ್ತಿ ಬಿಗಿಯುವ ಬಗೆಯದ್ದು. ಸದ್ಯ ನನ್ನ ಹತ್ತಿರ ಇರುವುದು ಸಮ್ಮಿಟ್ ವೈಪರ್. ಏಣಿಯ ಸ್ಟ್ಯಾಂಡು, ಸ್ಟಿಕ್ (ಮರಕ್ಕೆ ಬಿಗಿಯುವ ಬಿಡಿ ಮೆಟ್ಟಿಲು) ಕಟ್ಟಿಕೊಂಡು ಹತ್ತಿ ಮೇಲೆ ತೂಗುಹಾಕುವ ಹ್ಯಾಂಗ್-ಆನ್, ಹಗ್ಗದ ಮೇಲೆ ಭಾರ ಬಿಡುವ ಸ್ಯಾಡಲ್ ಮೂರನ್ನೂ ಬಳಸಿದ್ದೇನೆ. ಇದಕ್ಕೂ ಮೊದಲು ಕಡಿಮೆ ಬೆಲೆಯ ಇನ್ನೊಂದು ಕ್ಲೈಂಬರ್ ಕೊಂಡು, ಸಾಕಾಗಿ ಮಾರಿದ್ದೂ ಆಗಿದೆ. ಅದರ ಹೆಸರು ಬೇಡ, ಆದರೆ ಅದು ಕೊಟ್ಟ ಕಾಟ ಎಂಥದ್ದು ಅಂತ ವಿವರವಾಗಿಯೇ ಬರೆಯುತ್ತೇನೆ. ಅಂಗಡಿಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ನಲ್ಲಿ. ಬೇಟೆಗೆ ಹೆಚ್ಚಾಗಿ ಹೋಗುವುದು ಸುಮಾರು ಎರಡು ಗಂಟೆ ದಾರಿಯ ಮೇರಿಯನ್‌ವಿಲ್ ಸುತ್ತಮುತ್ತಲ ಕಾಡಿಗೆ: ಅಲಿಗೇನಿ ನ್ಯಾಷನಲ್ ಫಾರೆಸ್ಟ್, ಆಚೀಚೆಯ ಸ್ಟೇಟ್ ಗೇಮ್ ಲ್ಯಾಂಡ್‌ಗಳು (ಬೇಟೆಗೆ ತೆರೆದಿರುವ ರಾಜ್ಯದ ಜಾಗಗಳು). ಎಲ್ಲವೂ ಸರ್ಕಾರಿ ಜಾಗ, ಸ್ವಂತದ್ದು ಒಂದು ಗುಂಟೆಯೂ ಇಲ್ಲ. ಸ್ಟ್ಯಾಂಡ್ ಆರಿಸುವಾಗ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಗೇಮ್ ಲ್ಯಾಂಡ್‌ನಲ್ಲಿ ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ತಿರುಪು ಮೆಟ್ಟಿಲು ಕೊರೆಯುವಂತಿಲ್ಲ. ಸ್ಟ್ಯಾಂಡ್ ಬಿಟ್ಟುಬರುವುದಾದರೆ ಮಾಲೀಕರ ಗುರುತು ಅದರ ಮೇಲಿರಬೇಕು. ಅದೂ ಮೊದಲ ಜಿಂಕೆ ಸೀಸನ್‌ಗೆ ಎರಡು ವಾರ ಮುಂಚಿನಿಂದ ಕೊನೆಯ ಸೀಸನ್ ಮುಗಿದು ಎರಡು ವಾರದವರೆಗೆ ಮಾತ್ರ. ಬಿಟ್ಟುಬಂದದ್ದು ಅಲ್ಲೇ ಇರುತ್ತದೆ ಅನ್ನುವ ಭರವಸೆಯೂ ಇಲ್ಲ. ಹಾಗಾಗಿ ನನಗೆ ಬೇಕಿದ್ದದ್ದು ಬೆಳಗಿನ ಜಾವ ಬೆನ್ನಿಗೆ ಹಾಕಿಕೊಂಡು ಹೋಗಿ ಸಂಜೆ ಜೊತೆಯಲ್ಲೇ ವಾಪಸ್ ತರುವಂಥದ್ದು.

ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ನಾನು ಹುಡುಗನಾಗಿದ್ದಾಗ ಮಲೆನಾಡಿನಲ್ಲಿ ನೋಡಿದ್ದು ಗದ್ದೆಗೆ ಹಂದಿ ನುಗ್ಗದಂತೆ ರಾತ್ರಿ ಕಾಯಲು ಕಟ್ಟುತ್ತಿದ್ದ ಮಾಳ ಅಷ್ಟೇ. ಅದು ಇದ್ದಲ್ಲೇ ಇರುವ ಅಟ್ಟ. ಕ್ಲೈಂಬರ್ ಹಾಗಲ್ಲ. ಅದಕ್ಕೆ ಎರಡು ಭಾಗ: ಮೇಲೆ ಕೂರುವ ಸೀಟು, ಕೆಳಗೆ ಕಾಲಿಡುವ ಪ್ಲಾಟ್‌ಫಾರ್ಮ್. ಎರಡನ್ನೂ ಬೇರೆ ಬೇರೆಯಾಗಿ ಮರಕ್ಕೆ ಸುತ್ತಿ ಹಾಕಬೇಕು. ಸೀಟಿನ ಮೇಲೆ ಭಾರ ಬಿಟ್ಟು, ಪಟ್ಟಿಯೊಳಗಿನ ಪಾದದಿಂದ ಪ್ಲಾಟ್‌ಫಾರ್ಮನ್ನು ಮೇಲೆ ಸೆಳೆದು ಕಚ್ಚಿಸಬೇಕು. ಆಮೇಲೆ ಎದ್ದು ನಿಂತು ಸೀಟನ್ನು ಮೇಲಕ್ಕೆ ಜರುಗಿಸಬೇಕು. ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರುವ ಲಯವೇ ಇದು, ಕೈ ಒಮ್ಮೆ, ಕಾಲು ಒಮ್ಮೆ. ಎರಡು ಭಾಗಗಳ ನಡುವೆ ಹಗ್ಗ ಕಟ್ಟಿರಲೇಬೇಕು. ಕಾಲು ತೆಗೆದಾಗ ಪ್ಲಾಟ್‌ಫಾರ್ಮ್ ಜಾರಿ ಕೆಳಗೆ ಹೋದರೆ, ಇಪ್ಪತ್ತು ಅಡಿ ಮೇಲೆ ಸೀಟಿನಲ್ಲೇ ಸಿಕ್ಕಿಹಾಕಿಕೊಳ್ಳಬೇಕಾಗುತ್ತದೆ.

ಈಗ ಆ ಮೊದಲ ಸ್ಟ್ಯಾಂಡಿನ ಕಾಟಕ್ಕೆ ಬರುತ್ತೇನೆ. ಮರ ಮೇಲೆ ಹೋದಂತೆ ಸಣ್ಣದಾಗುತ್ತದೆ. ಬುಡದಲ್ಲಿ 14 ಇಂಚು ದಪ್ಪ ಇದ್ದದ್ದು ಇಪ್ಪತ್ತು ಅಡಿ ಎತ್ತರದಲ್ಲಿ 11 ಇಂಚಿಗೆ ಇಳಿದಿರಬಹುದು. ಬುಡದಲ್ಲಿ ಪ್ಲಾಟ್‌ಫಾರ್ಮನ್ನು ಮಟ್ಟಸವಾಗಿ ಕಟ್ಟಿದರೆ, ಮೇಲೆ ಹೋಗುವಷ್ಟರಲ್ಲಿ ಮರದ ಸುತ್ತ ಅದು ಸಡಿಲವಾಗಿ ಮುಂದಿನ ಅಂಚು ಕೆಳಕ್ಕೆ ಬಾಗುತ್ತದೆ. ಅದಕ್ಕೇ ನೆಲದಲ್ಲಿ ಕಟ್ಟುವಾಗಲೇ ಮುಂಭಾಗವನ್ನು ಬೇಕೆಂದೇ ಎತ್ತಿ ಕಟ್ಟುವುದು. ಎಷ್ಟು ಎತ್ತಬೇಕು ಅನ್ನುವುದು ಮರದ ಮೇಲೆ ಹೋಗುತ್ತದೆ. ಇದು ಎಲ್ಲ ಕ್ಲೈಂಬರ್‌ಗೂ ಇರುವ ಗುಣ, ದೂರುವಂಥದ್ದಲ್ಲ.

ದೂರು ಇರುವುದು ಆ ಸ್ಟ್ಯಾಂಡು ಇದಕ್ಕೆ ಮಾಡಿದ್ದ ವ್ಯವಸ್ಥೆಯ ಬಗ್ಗೆ. ಮರದ ಹಿಂದೆ ಬರುವ ಕಬ್ಬಿಣದ ಬಾರ್‌ಗೆ ದೂರ ದೂರಕ್ಕೆ ತೂತು. ಬೇಕಾದ ತೂತಿಗೆ ಬೋಲ್ಟ್ ತೂರಿಸಿ, ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ಟು ಹಾಕಬೇಕು. ಒಂದು ತೂತಿಗೆ ಹಾಕಿದರೆ ಮುಂಭಾಗ ಅತಿಯಾಗಿ ಮೇಲೆ, ಪಕ್ಕದ ತೂತಿಗೆ ಹಾಕಿದರೆ ಸಾಲದು. ನಡುವೆ ಏನೂ ಇಲ್ಲ. ಜಿಂಕೆ ಬೇಟೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಅನುಮತಿ ಇರುವುದರಿಂದ ಹತ್ತುವ ಕೆಲಸ ಕತ್ತಲಲ್ಲೇ ಮುಗಿಯಬೇಕು. ಹಣೆಗೆ ಕಟ್ಟಿದ ದೀಪದ ಬೆಳಕು, ಮರಗಟ್ಟಿದ ಬೆರಳು, ಕಾಲ ಕೆಳಗೆ ಪಾದ ಮುಚ್ಚುವಷ್ಟು ಬೀಚ್ ಮರದ ಎಲೆ. ನಟ್ಟು ಒಮ್ಮೆ ಕೈಜಾರಿ ಆ ಎಲೆಯೊಳಗೆ ಬಿತ್ತೆಂದರೆ ಹುಡುಕುವಷ್ಟರಲ್ಲಿ ಬೆಳಗಾಗುತ್ತದೆ.

ನಟ್ಟು ಸರಿಯಾಗಿ ಕೂತ ದಿನವೂ ನೆಮ್ಮದಿ ಇರಲಿಲ್ಲ. ಹದಿನೈದು ಅಡಿ ಏರಿದ ಮೇಲೆ ಕಾಲ ಕೆಳಗಿನ ಹಲಗೆ ಮುಂದಕ್ಕೆ ಇಳಿಜಾರಾಗಿದೆ ಅಂತ ತಿಳಿಯುತ್ತಿತ್ತು. ಮೇಲೆ ಕೂತು ಬೋಲ್ಟ್ ಬಿಚ್ಚುವ ಕೆಲಸ ಯಾರೂ ಮಾಡಬಾರದು. ಪೂರ್ತಿ ಇಳಿದು, ಬಿಚ್ಚಿ, ಇನ್ನೊಂದು ತೂತಿಗೆ ಹಾಕಿ, ಮತ್ತೆ ಏರಬೇಕು. ಅಷ್ಟರಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು ಕಣಿವೆಯ ಆಚೆವರೆಗೂ ಹೋಗಿರುತ್ತದೆ, ಒಳಬನಿಯನ್ ಬೆವರಿನಿಂದ ಒದ್ದೆಯಾಗಿರುತ್ತದೆ. ಆ ಬೆವರು ಎರಡು ಕೇಡು ಮಾಡುತ್ತದೆ: ಅಲ್ಲಾಡದೆ ಕೂತ ಮೇಲೆ ಚಳಿಗೆ ನಡುಕ, ಗಾಳಿ ತಿರುಗಿದರೆ ಜಿಂಕೆಯ ಮೂಗಿಗೆ ಸುದ್ದಿ. ಬಿಳಿಬಾಲದ ಜಿಂಕೆ ಕಣ್ಣಿಗಿಂತ ಮೂಗನ್ನೇ ಹೆಚ್ಚು ನಂಬುತ್ತದೆ.

ವೈಪರ್‌ನಲ್ಲಿ ಬಿಡಿ ನಟ್ಟು ಇಲ್ಲ. ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಕೇಬಲನ್ನು ಮರಕ್ಕೆ ಸುತ್ತಿ, ಚೌಕಟ್ಟಿನ ಕೊಳವೆಯೊಳಗೆ ತೂರಿಸಿ ಎಳೆದರೆ ಸ್ಪ್ರಿಂಗ್ ಪಿನ್ನು ಅದನ್ನು ಹಿಡಿಯುತ್ತದೆ. ಪಿನ್ನು ಚೌಕಟ್ಟಿಗೇ ಸೇರಿಕೊಂಡಿದೆ, ಕೆಳಗೆ ಬೀಳುವ ಮಾತಿಲ್ಲ. ಪಿನ್ನು ಕಚ್ಚಿಕೊಳ್ಳುವ ಹಲ್ಲುಗಳು ಹತ್ತಿರ ಹತ್ತಿರ ಇರುವುದರಿಂದ ಬೇಕಾದ ಕೋನ ಸಿಗುತ್ತದೆ. ಪಿನ್ನು ಪೂರ್ತಿ ಒಳಗೆ ಕೂತಿದೆಯೇ ಅಂತ ಬೆರಳಿಟ್ಟು ನೋಡಬೇಕು, ಅಷ್ಟೇ. ಕೋನ ತಪ್ಪಿ ಇಳಿಯಬೇಕಾಗಿ ಬಂದರೂ ಮತ್ತೆ ಕಟ್ಟುವುದು ಕೈಗವಸು ಹಾಕಿಕೊಂಡೇ ಆಗುವ ಕೆಲಸ. ತೂಕ 20 ಪೌಂಡ್, ಅಂದರೆ ಒಂಬತ್ತು ಕಿಲೋ.

ಇದಕ್ಕೂ ಮಿತಿ ಇದೆ, ಅದು ಸಣ್ಣದಲ್ಲ. ಕೊಂಬೆಯಿಲ್ಲದ ನೆಟ್ಟಗಿನ ಮರವೇ ಬೇಕು, ದಪ್ಪ 8ರಿಂದ 20 ಇಂಚಿನೊಳಗೆ. ಹೆಮ್ಲಾಕ್ ಬುಡದಿಂದಲೇ ಕೊಂಬೆ ಬಿಡುವುದರಿಂದ ಆಗುವುದಿಲ್ಲ. ಈ ಭಾಗದ ಹೆಮ್ಮೆ ಬ್ಲ್ಯಾಕ್ ಚೆರಿ, ಪಕ್ಕದ ಕೇನ್ ಊರಿನವರು ತಮ್ಮದನ್ನು ಅದರ ರಾಜಧಾನಿ ಅಂತಲೇ ಕರೆದುಕೊಳ್ಳುತ್ತಾರೆ. ನೋಡಲು ಕಂಬದಂತೆ ನೇರ, ಆದರೆ ತೊಗಟೆ ಕರಿ ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ. ಕೇಬಲ್ ತಾಗಿದ ಕಡೆಯೆಲ್ಲ ಚಕ್ಕೆ ಮುರಿದು ಒಣಗಿದ ಎಲೆಯ ಮೇಲೆ ಪಟಪಟ ಉದುರುತ್ತದೆ. ಶ್ಯಾಗ್‌ಬಾರ್ಕ್ ಹಿಕರಿಯ ತೊಗಟೆ ಪಟ್ಟಿಪಟ್ಟಿಯಾಗಿ ಬಿಟ್ಟುಕೊಂಡಿರುತ್ತದೆ, ಹತ್ತಿರ ಹೋಗುವುದೇ ಬೇಡ. ಬೀಚ್ ನುಣುಪು, ಒದ್ದೆಯಿದ್ದಾಗ ಸ್ಟ್ಯಾಂಡು ಜಾರುತ್ತದೆ. ನನಗೆ ಒಗ್ಗಿದ್ದು ರೆಡ್ ಓಕ್: ತೊಗಟೆ ಗಟ್ಟಿ, ಹಿಡಿತ ಚೆನ್ನಾಗಿ ಸಿಗುತ್ತದೆ, ಅದರ ಕಾಯಿ ತಿನ್ನಲು ಜಿಂಕೆಯೂ ಬರುತ್ತದೆ.

ಏಣಿಯ ಸ್ಟ್ಯಾಂಡು ಕೂರಲು ಎಲ್ಲಕ್ಕಿಂತ ಆರಾಮ, ಬೆಲೆಯೂ ಕಡಿಮೆ. ಪರಿಚಯದ ರೈತರೊಬ್ಬರ ಮೆಕ್ಕೆಜೋಳದ ಹೊಲದಂಚಿನಲ್ಲಿ ಇಂಥದ್ದರಲ್ಲಿ ಕೂರುತ್ತೇನೆ. ಸ್ವಂತ ಜಾಗ ಇರುವವರಿಗೆ, ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಆದರೆ ಎತ್ತಿ ನಿಲ್ಲಿಸಿ ಕಟ್ಟಲು ಇಬ್ಬರಾದರೂ ಬೇಕು, ಗಾಳಿಯ ದಿಕ್ಕು ಬದಲಾಯಿತೆಂದು ಅದನ್ನು ಇನ್ನೊಂದು ಮರಕ್ಕೆ ಒಯ್ಯಲಾಗುವುದಿಲ್ಲ, ನಿಂತಲ್ಲೇ ನಿಂತಿರುತ್ತದೆ.

ಹ್ಯಾಂಗ್-ಆನ್ ಮತ್ತು ಸ್ಟಿಕ್: ವಕ್ರ ಮರಕ್ಕೂ ಆಗುತ್ತದೆ, ಆದರೆ ಒಂದೊಂದೇ ಸ್ಟಿಕ್ ಕಟ್ಟುತ್ತಾ ಏರುವಷ್ಟು ತಾಳ್ಮೆ ಕತ್ತಲಲ್ಲಿ ನನಗಿಲ್ಲ.

ಸ್ಯಾಡಲ್ ಈಗಿನ ಹುಡುಗರ ಮೆಚ್ಚಿನದು. ಸೊಂಟಕ್ಕೆ ಬಟ್ಟೆಯ ಜೋಲಿ ಕಟ್ಟಿಕೊಂಡು, ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಭಾರ ಬಿಟ್ಟು, ಮರಕ್ಕೆ ಮುಖಮಾಡಿ ನಿಲ್ಲುವುದು. ಹಗುರ, ಯಾವ ಮರವಾದರೂ ನಡೆಯುತ್ತದೆ, ಮರವನ್ನೇ ಮರೆಯಾಗಿ ಬಳಸಬಹುದು. ಬಿಲ್ಲಿನವರಿಗೆ ಇದು ನಿಜವಾಗಿ ಒಳ್ಳೆಯದು. ನಾನು ಬಳಸುವುದು ಅಕ್ಟೋಬರ್‌ನಲ್ಲಿ ಕ್ರಾಸ್‌ಬೋ (ಅಡ್ಡಬಿಲ್ಲು), ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲೆ ರೈಫಲ್. ಎರಡಕ್ಕೂ ವೈಪರ್‌ನ ಮುಂದಿನ ಅಡ್ಡಪಟ್ಟಿ ಕೈಗೆ ಆಸರೆ. ಜೊತೆಗೆ ನಾನು ಬೆಳಗಿನಿಂದ ಸಂಜೆವರೆಗೆ ಒಂದೇ ಮರದಲ್ಲಿ ಕೂರುವವನು. ಸ್ಯಾಡಲ್‌ನಲ್ಲಿ ಮಧ್ಯಾಹ್ನಕ್ಕೆ ಸೊಂಟದ ಎಲುಬಿನ ಪಕ್ಕ ಒತ್ತಿ ನೋಯುತ್ತದೆ. ಜೋಲಿ, ಕಾಲಿಡುವ ಹಲಗೆ, ಸ್ಟಿಕ್ ಎಲ್ಲ ಸೇರಿಸಿದರೆ ದುಡ್ಡೂ ಕ್ಲೈಂಬರ್‌ಗಿಂತ ಹೆಚ್ಚು.

ಯಾವುದನ್ನೇ ಕೊಳ್ಳಿ, ಮೈಪೂರ್ತಿ ಹಿಡಿಯುವ ಹಾರ್ನೆಸ್ ಇಲ್ಲದೆ ನೆಲ ಬಿಡಬೇಡಿ. ಅದರ ಪಟ್ಟಿಯನ್ನು ನೆಲದಲ್ಲೇ ಮರಕ್ಕೆ ಕಟ್ಟಿ, ಏರಿದಂತೆಲ್ಲ ತಲೆಗಿಂತ ಮೇಲೆ ಸರಿಸುತ್ತಾ ಹೋಗಬೇಕು. ಬಿದ್ದು ಹಾರ್ನೆಸ್‌ನಲ್ಲಿ ತೂಗಾಡುತ್ತಾ ಉಳಿದರೆ ತೊಡೆಯ ಪಟ್ಟಿ ರಕ್ತ ಸಂಚಾರ ತಡೆಯುತ್ತದೆ. ಕಾಲೂರಿ ಭಾರ ಇಳಿಸಿಕೊಳ್ಳಲು ಒಂದು ಕುಣಿಕೆ ಪಟ್ಟಿ ಜೇಬಿನಲ್ಲಿರಲಿ. ರೈಫಲ್ ಆಗಲಿ ಕ್ರಾಸ್‌ಬೋ ಆಗಲಿ, ಖಾಲಿ ಮಾಡಿ, ಮೇಲೆ ಕೂತ ನಂತರ ಹಗ್ಗದಿಂದ ಎಳೆದುಕೊಳ್ಳಿ.

ವೈಪರ್‌ಗೆ ನಾನು ಕೊಟ್ಟದ್ದು 350 ಡಾಲರ್ ಆಸುಪಾಸು. ಅಷ್ಟು ಬೇಡ ಅನ್ನುವವರು ಹಳೆಯದನ್ನೇ ಹುಡುಕಬಹುದು, ಸೀಸನ್ ಮುಗಿದ ಮೇಲೆ ಮಾರುವವರು ಸಿಗುತ್ತಾರೆ. ಕೊಳ್ಳುವ ಮುಂಚೆ ಕೇಬಲನ್ನು ಇಂಚಿಂಚು ಬೆರಳಲ್ಲಿ ಸವರಿ ನೋಡಿ. ಹೊದಿಕೆ ಸೀಳಿ ತಂತಿ ಕಂಡರೆ, ಮಡಿಚಿದ ಗುರುತಿದ್ದರೆ, ತುದಿಯ ಹತ್ತಿರ ತುಕ್ಕಿದ್ದರೆ ಹೊಸ ಕೇಬಲಿನ ಬೆಲೆ ಕಳೆದು ಚೌಕಾಸಿ ಮಾಡಿ, ಹೊಸ ಕೇಬಲ್ ಹಾಕಿಸಿದ ಮೇಲೆಯೇ ಹತ್ತಿ. ಬೆಸುಗೆಯಲ್ಲಿ ಬಿರುಕಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.