ನೇಪಿಯರ್ ಹುಲ್ಲಿನ ಬೀಜ ಎಂದು ಮಾರುವವರನ್ನು ನಂಬಬೇಡಿ

ಹಸುಗಳ ಮೇವಿಗೆ ಬೆಳೆಸುವ ಹೈಬ್ರಿಡ್ ನೇಪಿಯರ್ ಹುಲ್ಲಿನ ಬೀಜವೆಂದು ಯಾರಾದರೂ ಪೊಟ್ಟಣ ಮಾರಿದರೆ ದಯವಿಟ್ಟು ಕೊಳ್ಳಬೇಡಿ. ಸಜ್ಜೆ ಮತ್ತು ನೇಪಿಯರ್ ಹುಲ್ಲನ್ನು ಸಂಕರಗೊಳಿಸಿ ಪಡೆದ ಸಿಒ-4, ಸಿಒ-5, ಧಾರವಾಡದ ಡಿಎಚ್‌ಎನ್-6 ಮುಂತಾದ ತಳಿಗಳು ಬೀಜ ಕಟ್ಟುವುದೇ ಇಲ್ಲ; ಕಾಂಡದ ತುಂಡುಗಳನ್ನೋ ಬೇರುಸಹಿತ ಕವಲುಗಳನ್ನೋ ನೆಟ್ಟು ಅವುಗಳನ್ನು ಬೆಳೆಸಬೇಕು. ಮೇವಿನ ವ್ಯಾಪಾರವನ್ನೇ ಮಾಡುವವನಿಗೆ ಇದು ತಿಳಿಯದೆ ಇರಲು ಸಾಧ್ಯವೇ?

ಆಳೆತ್ತರದ ಹುಲ್ಲಿನ ಚಿತ್ರ ತೋರಿಸಿ, ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಮೇವು ಎಂದು ನಂಬಿಸಿ, ಹಣವನ್ನು ಮುಂಗಡವಾಗಿಯೇ ಪಡೆದು ನನಗೆ ಕಳುಹಿಸಿದ್ದು ಬೂದು ಬಣ್ಣದ ಸಣ್ಣ ಕಾಳು. ಮೊಳಕೆ ಚೆನ್ನಾಗಿ ಬಂದಿತು, ಎಲೆಯೂ ನೇಪಿಯರ್‌ನಂತೆಯೇ ಇತ್ತು. ಎಳೆಯ ಪೈರಿನಲ್ಲಿ ನೇಪಿಯರನ್ನೂ ಅದನ್ನು ಹೋಲುವ ಬೆಳೆಯನ್ನೂ ಬೇರ್ಪಡಿಸುವುದು ಸುಲಭವಲ್ಲ. ಹೊಲದ ತುಂಬ ತೆನೆ ಹಾಯ್ದಾಗ ಅನುಮಾನ ಹುಟ್ಟಿತು. ಹೈಬ್ರಿಡ್ ನೇಪಿಯರ್ ಕೂಡ ಹೂತೆನೆ ಬಿಡುತ್ತದೆ, ಆದರೆ ಅದರಲ್ಲಿ ಕಾಳಿರುವುದಿಲ್ಲ. ಒಂದು ಬಲಿತ ತೆನೆಯನ್ನು ಅಂಗೈಯಲ್ಲಿ ಉಜ್ಜಿದೆ. ಕಾಳು ಉದುರಿತು. ಸಜ್ಜೆ! ನೇಪಿಯರ್‌ನ ಬೆಲೆಗೆ ನನಗೆ ಮಾರಿದ್ದು ಸಜ್ಜೆ! ಪಕ್ಕದ ಹೊಲದವರು “ಸಜ್ಜೆ ಯಾವಾಗ ಬಿತ್ತಿದಿರಿ?” ಎಂದು ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಮಾರಿದವನ ಉತ್ತರಗಳನ್ನು ಕೇಳಿ. ಮೊದಲು, “ಬಿಸಿಲು ಹೆಚ್ಚಾದರೆ ತೆನೆ ಬರುತ್ತದೆ ಸರ್, ಕೊಯ್ದುಬಿಡಿ, ಮತ್ತೆ ಚಿಗುರುತ್ತದೆ.” ಕೊಯ್ದ ಮೇಲೆ ಬಡಕಲಾಗಿ ಚಿಗುರಿ ಒಣಗಿತು, ಏಕೆಂದರೆ ಸಜ್ಜೆ ಒಂದೇ ಋತುವಿನ ಬೆಳೆ. ಆಮೇಲೆ, “ನಿಮ್ಮ ಮಣ್ಣಿನಲ್ಲೇ ದೋಷವಿದೆ.” ಮಣ್ಣಿನ ದೋಷದಿಂದ ನೇಪಿಯರ್ ಸಜ್ಜೆಯಾಗುತ್ತದೆಯೇ? ಕಾಳಿನ ಚಿತ್ರ ಕಳುಹಿಸಿದ ಮೇಲೆ ಉತ್ತರವೇ ಇಲ್ಲ, ನನ್ನ ಕರೆಯೂ ಹೋಗುವುದಿಲ್ಲ. ಹಸುಗಳಿಗೆ ಇಂದಿಗೂ ಹುಲ್ಲನ್ನು ದುಡ್ಡು ಕೊಟ್ಟೇ ತರುತ್ತಿದ್ದೇನೆ.

ನೇಪಿಯರ್ ಬೇಕೆಂದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಈಗಾಗಲೇ ಬೆಳೆದಿರುವ ರೈತರ ಹೊಲಕ್ಕೇ ಹೋಗಿ. ಸುಮಾರು ಮೂರು ತಿಂಗಳು ಬಲಿತ ಕಾಂಡದ, ಎರಡು ಮೂರು ಗೆಣ್ಣುಗಳಿರುವ ತುಂಡುಗಳನ್ನು ತನ್ನಿ. ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು ಬೇಕು, ಆನಂತರ ಸುಮಾರು 45 ದಿನಕ್ಕೊಮ್ಮೆ ಕೊಯ್ಯಬಹುದು. ಗೆಣ್ಣಿನ ಕಣ್ಣುಗಳು ಜೀವಂತವಾಗಿವೆಯೇ ಎಂದು ನೋಡಿಯೇ ಹಣ ಕೊಡಿ. ಪೊಟ್ಟಣಕ್ಕೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.