ಹಳೇ ಇಂಪೋರ್ಟ್ ಮಾಲು: ಕಲಬುರಗಿಯಲ್ಲಿ ದೊಡ್ಡ ಗಾಡಿಗೆ ಟೈರು ಹಾಕಿಸುವವರು ಇದನ್ನು ಓದಿ

ದುಬಾರಿ ಗಾಡಿಗೆ ಟೈರು ಬದಲಿಸಲು ಹೊರಟವರು ಅಂಗಡಿಗೆ ಹೋಗುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೆ ನಾನು ಸುಮ್ಮನಿದ್ದರೆ ಅದೇ ಅಂಗಡಿಯ ಮುಂದೆ ನಾಳೆ ಇನ್ನೊಬ್ಬರು ಗಾಡಿ ನಿಲ್ಲಿಸುತ್ತಾರೆ. ಅಂಗಡಿಯ ಹೆಸರು ಬರೆದಿಲ್ಲ, ವಕೀಲರು ಬೇಡ ಎಂದಿದ್ದಾರೆ.

ನನ್ನದು ಕಲಬುರಗಿಯಲ್ಲಿ ದಾಲ್ ಮಿಲ್ಲು. ಇಪ್ಪತ್ತಾರು ವರ್ಷಗಳಿಂದ ತೊಗರಿ ಕೊಳ್ಳುತ್ತಿದ್ದೇನೆ. ಚೀಲಕ್ಕೆ ಸಳಿ ಚುಚ್ಚಿ ತೆಗೆದ ನಾಲ್ಕು ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ಎಷ್ಟಿದೆ, ಈ ವರ್ಷದ ಮಾಲೋ ಹೋದ ವರ್ಷದ್ದೋ ಎಂದು ಹೇಳಬಲ್ಲೆ. ಹಳೇ ಮಾಲನ್ನು ಹೊಸದರ ದರಕ್ಕೆ ನನಗೆ ದಾಟಿಸಿದ ದಲ್ಲಾಳಿ ನೆಹರೂ ಗಂಜ್‌ನಲ್ಲಿ ಇದುವರೆಗೆ ಒಬ್ಬನೂ ಇಲ್ಲ. ಅಂಥ ನನಗೆ ಒಬ್ಬ ಟೈರಿನ ಅಂಗಡಿಯವನು ಆರು ವರ್ಷದ ಮಾಲನ್ನು 96,000 ರೂಪಾಯಿಗೆ ದಾಟಿಸಿದ, ಅದೂ ಹಳೆಯದು ಎಂದು ಬಾಯಿಬಿಟ್ಟು ಹೇಳಿಯೇ ದಾಟಿಸಿದ.

ಗಾಡಿ ಮೂರು ವರ್ಷದ ಹಿಂದೆ ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಬಿಎಂಡಬ್ಲ್ಯೂ ಎಸ್‌ಯುವಿ. ಟೈರಿನ ಅಳತೆ 245/50 ಆರ್ 18. ನನ್ನ ಗಾಡಿಯಲ್ಲಿ ಸ್ಟೆಪ್ನಿ ಇಲ್ಲ, ಅದರ ಬದಲು ನಾಲ್ಕೂ ರನ್‌ಫ್ಲಾಟ್ ಟೈರುಗಳಿದ್ದವು. ಈ ಟೈರಿನ ಪಕ್ಕದ ಗೋಡೆ ದಪ್ಪವಾಗಿ, ಬಿರುಸಾಗಿ ಇರುವುದರಿಂದ ಹವಾ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ವೇಗ ಮೀರದಂತೆ ಸುಮಾರು 80 ಕಿ.ಮೀ. ದೂರ ಹೋಗಿ ಊರು ಮುಟ್ಟಬಹುದು. ನಮ್ಮ ಕಡೆಯ ರಸ್ತೆಗಳಲ್ಲಿ ಇವು ಬಹಳ ಕುಲುಕುತ್ತವೆ, ಹೊಸದಾಗಿ ಕೊಂಡರೆ ದರವೂ ಹೆಚ್ಚು. ಆದ್ದರಿಂದ ಅನೇಕರು ಸಾದಾ ಟೈರು ಹಾಕಿಸಿ ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ ಇಟ್ಟುಕೊಳ್ಳುತ್ತಾರೆ. ಅದು ತಪ್ಪಲ್ಲ. ನಾನು ಮಾತ್ರ ರನ್‌ಫ್ಲಾಟೇ ಬೇಕೆಂದು ಹಟ ಹಿಡಿದೆ. ಎಪ್ಪತ್ನಾಲ್ಕು ವರ್ಷದ ತಾಯಿಯನ್ನು ಕೂಡಿಸಿಕೊಂಡು ರಾತ್ರಿ ಹುಮನಾಬಾದ್ ರಸ್ತೆಯಲ್ಲಿ ನಿಲ್ಲುವ ಪ್ರಸಂಗ ಬರಬಾರದು ಎಂಬುದೊಂದೇ ಕಾರಣ. ಬಂದದ್ದು ಅದೇ ಪ್ರಸಂಗ.

ಹೈದರಾಬಾದಿನ ಸರ್ವಿಸ್ ಸೆಂಟರಿನಲ್ಲಿ ನಾಲ್ಕಕ್ಕೆ 1,32,000 ರೂಪಾಯಿ, ಹತ್ತು ದಿನ ಕಾಯಬೇಕು ಎಂದರು. ತೊಗರಿ ಬರುವ ಜನವರಿ ತಿಂಗಳಲ್ಲಿ ಮಿಲ್ಲು ಬಿಟ್ಟು ಎರಡು ಸಲ ಹೈದರಾಬಾದಿಗೆ ಓಡಾಡುವುದು ನನ್ನಿಂದ ಆಗದ ಕೆಲಸ. ಆಗ ಪರಿಚಯದವರೊಬ್ಬರು ರಿಂಗ್ ರಸ್ತೆಯ ಈ ಅಂಗಡಿಯನ್ನು ತೋರಿಸಿದರು. ಅಂಗಡಿಯವನು ಬಹಳ ಮರ್ಯಾದೆಯಿಂದ ಕೂಡಿಸಿ, ಒಳಗಿನಿಂದ ಒಂದು ಟೈರು ಉರುಳಿಸಿಕೊಂಡು ಬಂದು, ಮಿಂಚುವ ಹಾಗೆ ಒರೆಸಿ ನನ್ನ ಮುಂದೆ ನಿಲ್ಲಿಸಿದ. ಆಮೇಲೆ ಅವನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಈ ಒಂದು ತಿಂಗಳಿನಿಂದ ಅದು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ.

"ಸಾವಕಾರ್ರೇ, ಇದು ಹಳೇ ಇಂಪೋರ್ಟ್ ಮಾಲದರಿ. ಈಗ ಇಂಪೋರ್ಟ್ ಬಂದ್ ಆಗ್ಯದ. ಇಂಥ ಮಾಲು ಇನ್ನ ಮುಂದ ಸಿಗಂಗಿಲ್ಲ."

ಹಳೇ ಇಂಪೋರ್ಟ್ ಮಾಲು! ಕೇಂದ್ರ ಸರ್ಕಾರ 2020ರ ಜೂನ್ 12ರಂದು ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ್ದು ನಿಜ. ಆದರೆ ಆಮದು ಪೂರ್ತಿ ಬಂದ್ ಆಗಲಿಲ್ಲ, ಪರವಾನಗಿ ಪಡೆದು ತರಿಸಬೇಕಾಯಿತು. ಅದನ್ನು ಬಿಡೋಣ, ಅವನ ಮಾತನ್ನೇ ಹಿಡಿಯೋಣ. ಬಂದ್ ಆಗುವುದಕ್ಕೆ ಮೊದಲು ಬಂದ ಮಾಲು ಎಂದರೆ 2020ರ ಜೂನ್‌ಗಿಂತ ಹಿಂದೆ ತಯಾರಾದದ್ದು. ನಾನು ಆ ಅಂಗಡಿಯಲ್ಲಿ ನಿಂತಿದ್ದು 2026ರ ಜನವರಿಯಲ್ಲಿ. ಬೆರಳು ಮಡಚಿ ಎಣಿಸಿದರೂ ತಿಳಿಯುವ ಲೆಕ್ಕವಿದು. ತೊಗರಿಯ ಚೀಲ ತೋರಿಸಿ ಯಾರಾದರೂ "ಇದು ಆರು ವರ್ಷದ ಹಿಂದಿನ ಮಾಲು, ಅದಕ್ಕೇ ದರ ಜಾಸ್ತಿ" ಎಂದರೆ ನಾನು ಅವರನ್ನು ಮಿಲ್ಲಿನ ಗೇಟಿನ ಹೊರಗೆ ಕಳುಹಿಸುತ್ತಿದ್ದೆ. ಇಲ್ಲಿ ಕತ್ತು ಅಲ್ಲಾಡಿಸಿ, "ನಾಲ್ಕೂ ಇದೇ ಇರಲಿ" ಎಂದೆ. ಅವನು "ಹಳೇ" ಎಂದ, ನಾನು "ಅಸಲಿ" ಎಂದು ಕೇಳಿಸಿಕೊಂಡೆ. ಅವನು ಆ ಮಾತಿನಲ್ಲಿ ಸುಳ್ಳು ಹೇಳಲಿಲ್ಲ ಎಂಬುದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿರುವ ಸಂಗತಿ.

1,12,000ಕ್ಕೆ ಶುರುವಾದ ಮಾತು 96,000ಕ್ಕೆ ಬಂದು ನಿಂತಿತು. ಚೌಕಾಸಿಯಲ್ಲಿ ಗೆದ್ದೆನೆಂದು ಹಿಗ್ಗಿದೆ. ಬಿಲ್ಲು ಕೇಳಿದಾಗ "ಪಕ್ಕಾ ಬಿಲ್ ಬೇಕಂದ್ರ 28 ಪರ್ಸೆಂಟ್ ಮ್ಯಾಲ ಕೊಡಬೇಕಾಗ್ತದ" ಎಂದ. ಹೊಸ ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದಲೇ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತಿಂಗಳು ತಿಂಗಳು ಜಿಎಸ್‌ಟಿ ಲೆಕ್ಕ ಸಲ್ಲಿಸುವ ನನಗೆ ಅದೂ ಹೊಳೆಯಲಿಲ್ಲ. 60,000 ನಗದು ಕೊಟ್ಟೆ, ಉಳಿದ 36,000ವನ್ನು ಅವನು ಹೇಳಿದ ಯಾವುದೋ ನಂಬರಿಗೆ ಯುಪಿಐ ಮಾಡಿದೆ. ಕೈಗೆ ಬಂದದ್ದು ಒಂದು ಕಚ್ಚಾ ಚೀಟಿ. ಅದರಲ್ಲಿ "ಟೈರ್ 4 ನಗ" ಎಂದು ಬರೆದಿತ್ತು. ಟೈರು ಕೂರಿಸುವ ಹೊತ್ತಿಗೆ "ಬರ್ರಿ, ಒಳಗ ಚಹಾ ಕುಡೀರಿ" ಎಂದು ಕರೆದ, ನಾನೂ ಹೋಗಿ ಕುಡಿದೆ. ನನಗೆ ತೋರಿಸಿದ್ದು ಒಂದು ಟೈರು, ಗಾಡಿಗೆ ಏರಿದ್ದು ನಾಲ್ಕು. ಆ ಚಹಾ ಎಷ್ಟು ದುಬಾರಿಯದು ಎಂದು ಈಗ ಗೊತ್ತಾಗಿದೆ.

ಹದಿನೈದು ದಿನ ಕಳೆದ ಮೇಲೆ ಬೀದರಿನಲ್ಲಿ ಬೀಗರ ಮನೆಯ ಕಾರ್ಯಕ್ಕೆ ಹೊರಟೆವು. ಕಮಲಾಪುರ ದಾಟಿ ಸ್ವಲ್ಪ ದೂರ ಹೋಗುತ್ತಲೇ ಹವಾ ಕಡಿಮೆಯಾಗಿದೆ ಎಂಬ ದೀಪ ಹತ್ತಿತು. ಹಿಂದಿನ ಎಡಗಾಲಿ. ಮನೆಯವರು ನಿಲ್ಲಿಸಿ ಎಂದರು. "ಏನೂ ಆಗುವುದಿಲ್ಲ, ಇದು ರನ್‌ಫ್ಲಾಟ್" ಎಂದೆ. ವೇಗವನ್ನು 60ಕ್ಕೆ ಇಳಿಸಿ ಓಡಿಸುತ್ತಲೇ ಇದ್ದೆ. ತಾಯಿ ಏನೋ ಸುಟ್ಟ ವಾಸನೆ ಎಂದಾಗಲೂ "ರನ್‌ಫ್ಲಾಟ್, ಹುಮನಾಬಾದಿನವರೆಗೆ ಆರಾಮವಾಗಿ ಹೋಗುತ್ತದೆ" ಎಂದೆ. ಮೂರು ಕಿಲೋಮೀಟರ್ ಕೂಡ ಹೋಗಲಿಲ್ಲ. ಗಾಡಿ ಒಂದು ಬದಿಗೆ ಎಳೆದು ಕರಕರ ಶಬ್ದ ಶುರುವಾದಾಗ ಇಳಿದು ನೋಡಿದರೆ ಟೈರು ಚಿಂದಿಯಾಗಿ, ರಿಮ್ಮು ಡಾಂಬರನ್ನು ಕೆರೆಯುತ್ತಿತ್ತು.

ಬೈಕಿನ ಮೇಲೆ ಬಂದ ಪಂಚರ್ ಅಂಗಡಿಯ ಹುಡುಗ ಗಾಲಿ ಬಿಚ್ಚಿ, ಹರಿದ ಟೈರಿನ ಪಕ್ಕದ ಗೋಡೆಯನ್ನು ಎರಡು ಬೆರಳಲ್ಲಿ ಮಡಚಿ ತೋರಿಸಿದ. "ಕಾಕಾ, ಹಪ್ಪಳದಂಗ ಮಡಚಲಿಕತ್ತದ. ಇದು ರನ್‌ಫ್ಲಾಟ್ ಅಲ್ಲರಿ" ಎಂದ. ಮೊಬೈಲಿನ ಬೆಳಕು ಬಿಟ್ಟು ನಾಲ್ಕೂ ಗಾಲಿ ನೋಡಿದ. ಮುಂದಿನ ಎರಡು ಮಾತ್ರ ರನ್‌ಫ್ಲಾಟ್, ಹಿಂದಿನ ಎರಡು ಅದೇ ಕಂಪನಿಯ, ಅದೇ ಪಟ್ಟಿಯ ಸಾದಾ ಟೈರು. ಮುಂದೆ ನಿಂತು ನೋಡಿದರೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆಮೇಲೆ ಅವನು ಇನ್ನೊಂದು ಮಾತು ಕೇಳಿದ: "ಔಟ್‌ಸೈಡ್ ಅಂತ ಬರದಿದ್ದ ಬಾಜು ಒಳಗ ಯಾಕ ಹಾಕಿಸೀರಿ?" ಹೊರಗೆ ಬರಬೇಕಾದ ಬದಿಯನ್ನು ಬೇಕೆಂದೇ ಒಳಮುಖವಾಗಿ ಕೂರಿಸಿದ್ದರು. ತಯಾರಾದ ವಾರ, ವರ್ಷದ ನಾಲ್ಕು ಅಂಕಿ ಇದ್ದದ್ದು ಆ ಬದಿಯಲ್ಲಿ. 0820. ಅಂದರೆ 2020ರ ಎಂಟನೇ ವಾರ. ಮರುದಿನ ಮಿಲ್ಲಿನಲ್ಲಿ ಉಳಿದವನ್ನೂ ಬಿಚ್ಚಿಸಿ ನೋಡಿದೆ. ಮುಂದಿನ ರನ್‌ಫ್ಲಾಟುಗಳ ಮೇಲಿದ್ದದ್ದು 2319, ಅಂದರೆ 2019ರ ಜೂನ್. ಟೈರು ಸವೆಯದಿದ್ದರೂ ಆರು ವರ್ಷಕ್ಕೆ ಬದಲಿಸಿ ಎಂದು ಬಿಎಂಡಬ್ಲ್ಯೂ ಹೇಳುತ್ತದೆ. ರಬ್ಬರು ಕೂತಲ್ಲೇ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ತಗಡಿನ ಗೋದಾಮಿನಲ್ಲಿ ಕೇಳುವುದೇ ಬೇಡ. ನನ್ನ ಮುಂದಿನ ಎರಡು ಟೈರುಗಳ ಆಯುಷ್ಯ ಗಾಡಿಗೆ ಏರುವ ಮೊದಲೇ ಮುಗಿದಿತ್ತು.

ಆ ರಾತ್ರಿ ಗಾಡಿಯನ್ನು ಹೊತ್ತೊಯ್ಯುವ ಲಾರಿಗಾಗಿ ನಾನು ರಸ್ತೆಯಲ್ಲಿ ಕಾದೆ. ತಾಯಿ ಮತ್ತು ಮನೆಯವರು ಹಿಂದೆ ಬಂದ ಸರ್ಕಾರಿ ಬಸ್ಸಿಗೆ ಕೈಮಾಡಿ, ಆಧಾರ್ ಕಾರ್ಡ್ ತೋರಿಸಿ, ಒಂದು ರೂಪಾಯಿ ಖರ್ಚಿಲ್ಲದೆ ಬೀದರ್ ಮುಟ್ಟಿದರು. ಬೀಗರ ಮುಂದೆ ನಮ್ಮ ಗಾಡಿಯ ಸುದ್ದಿ ಹೇಗೆ ಹೋಯಿತು ಎಂಬುದನ್ನು ಬರೆಯಲಾರೆ.

ಇನ್ನು ಅಂಗಡಿಯವನ ಉತ್ತರಗಳು. ಮೊದಲನೆಯದು: "ಹವಾ ಇಲ್ದೇ ಓಡಿಸೀರಿ, ಹರೀದೇ ಏನ್ ಮಾಡ್ತದರಿ?" ಹವಾ ಇಲ್ಲದೆ ಓಡಿಸುವುದಕ್ಕಾಗಿಯೇ ರನ್‌ಫ್ಲಾಟ್ ಕೊಂಡದ್ದಲ್ಲವೇ ಎಂದರೆ, "ನಾಲ್ಕೂ ರನ್‌ಫ್ಲಾಟ್ ಅಂತ ನಾ ಯಾವಾಗ ಹೇಳೀನ್ರಿ? ಮುಂದಿನ ಎರಡು ಅಂತ ಹೇಳಿದ್ದೆ" ಎಂದ. ವರ್ಷದ ಅಂಕಿ ತೋರಿಸಿದಾಗ ಅವನಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ. "ಹಳೇ ಮಾಲು ಅಂತ ಹೇಳೇ ಕೊಟ್ಟೀನಲ್ರಿ. ರೋಡ್ ಮ್ಯಾಲ ಓಡಿರಲಿಲ್ಲ ಅಂದ ಮ್ಯಾಲ ಅದು ಹೊಸದೇ ಅಲ್ಲೇನ್ರಿ?" ಎಂದು ನನ್ನನ್ನೇ ಕೇಳಿದ. ಅಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳು ನಕ್ಕರು. ನಾನು ಕಚ್ಚಾ ಚೀಟಿಯನ್ನು ಮೇಜಿನ ಮೇಲೆ ಇಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಇದರಾಗ ನಮ್ಮ ಅಂಗಡಿ ಹೆಸರೆಲ್ಲಿ ಅದರಿ ಸಾವಕಾರ್ರೇ?" ಎಂದ. ಇರಲಿಲ್ಲ. ಎರಡೂ ಕಡೆ ನೋಡಿದೆ, ಇರಲಿಲ್ಲ.

ಕೊನೆಗೆ ನಾಲ್ಕೂ ವಾಪಸ್ ಕೊಟ್ಟರೆ 30,000 ಕೊಡುವುದಾಗಿ ಹೇಳಿದ. ಯಾಕೆ ಅಷ್ಟು ಕಡಿಮೆ ಎಂದರೆ, "ಈಗ ಅವು ಓಡಿದ ಮಾಲಲ್ರಿ, ಅದರಾಗ ಒಂದು ಹರದದ" ಎಂದ. ಆರು ವರ್ಷ ಹೊಸದಾಗಿದ್ದ ಟೈರು ನನ್ನ ಹತ್ತಿರ ಬಂದ ಹದಿನೈದೇ ದಿನದಲ್ಲಿ ಹಳೆಯದಾಯಿತು. ಅದಾದ ಮೇಲೆ ನಾನು ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶಗಳಿಗೆಲ್ಲ ಅವನಿಂದ ಬಂದದ್ದು ಒಂದು ಹೆಬ್ಬೆರಳಿನ ಚಿತ್ರ.

ನನ್ನ ಮಾತು ಕೇಳುವುದಿದ್ದರೆ ಟೈರು ಕೂರಿಸುವ ಮೊದಲು ನಾಲ್ಕೂ ಟೈರಿನ ಎರಡೂ ಬದಿಯನ್ನು ನೀವೇ ಬಗ್ಗಿ ನೋಡಿ, ಆ ನಾಲ್ಕು ಅಂಕಿಯ ಫೋಟೋ ತೆಗೆದುಕೊಳ್ಳಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಳತೆಯ ಮುಂದಿನ ಭಾರದ ಅಂಕಿ ಗಾಡಿಯ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕೈಪಿಡಿಯಲ್ಲೋ ಇರುವುದಕ್ಕಿಂತ ಕಡಿಮೆ ಇರಬಾರದು. 100 ಎಂದರೆ ಒಂದು ಟೈರು 800 ಕೆ.ಜಿ. ಹೊರುತ್ತದೆ. ರನ್‌ಫ್ಲಾಟಿಗೆ ಒಂದೊಂದು ಕಂಪನಿಯ ಗುರುತು ಒಂದೊಂದು: ಬ್ರಿಜ್‌ಸ್ಟೋನ್ ಆರ್‌ಎಫ್‌ಟಿ ಎಂದೂ, ಮಿಶೆಲಿನ್ ಝಡ್‌ಪಿ ಎಂದೂ, ಕಾಂಟಿನೆಂಟಲ್ ಎಸ್‌ಎಸ್‌ಆರ್ ಎಂದೂ ಬರೆಯುತ್ತವೆ. ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿಗೆ ಎರಡು ಬಗೆ ಬೆರೆಸಿದರೆ ಒಳಗಿನ ಗೇರಿಗೂ ಪೆಟ್ಟು. ಇವೆಲ್ಲವನ್ನೂ ಪಕ್ಕಾ ಬಿಲ್ಲಿನಲ್ಲಿ ಬರೆಸಿ. ಚಹಾ ಮನೆಯಲ್ಲೇ ಕುಡಿದು ಹೋಗಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆ 36,000ದ ಯುಪಿಐ ದಾಖಲೆ ಒಂದನ್ನು ಹಿಡಿದುಕೊಂಡು ವಕೀಲರು ನೋಟಿಸು ಕಳುಹಿಸಿದ್ದಾರೆ. ಗಾಡಿ ಮಿಲ್ಲಿನ ಅಂಗಳದಲ್ಲಿ, ತೊಗರಿ ಚೀಲಗಳ ಪಕ್ಕದಲ್ಲಿ, ಜಾಕಿನ ಮೇಲೆ ನಿಂತಿದೆ. ರಿಮ್ಮು ಬಾಗಿದೆ, ರಿಪೇರಿಯಾಗುವುದಿಲ್ಲ ಎಂದು ಇಬ್ಬರು ಹೇಳಿದ್ದಾರೆ. ಈ ಸಂಗತಿ ಅಂಗಡಿಯವನಿಗೂ ಹೇಗೋ ತಿಳಿದಿದೆ. ನಿನ್ನೆ ಸಂಜೆ, ನೋಟಿಸು ತಲುಪಿದ ಮರುದಿನವೇ, ಅವನದೊಂದು ಸಂದೇಶ ಬಂತು: "ಸಾವಕಾರ್ರೇ, ನಿಮ್ಮ ಗಾಡಿ ರಿಮ್ ಒಂದು ನಮ್ಮಲ್ಲಿ ಅದರಿ. ಹಳೇ ಇಂಪೋರ್ಟ್ ಮಾಲು."