ಟಿಪ್ಪರ್‌ನ ಹಿಂದಿನ ಎಂಟು ಟೈರ್: ಲಗ್, ಸೆಮಿ ಲಗ್, ಬೆರಕೆ

ಹತ್ತು ಚಕ್ರದ 6x4 ಟಿಪ್ಪರ್‌ನಲ್ಲಿ ಹಿಂದಿನ ಎರಡು ಹೌಸಿಂಗ್‌ಗೂ (ಆಕ್ಸಲ್‌ಗೂ) ಎಂಜಿನ್‌ನ ಎಳೆತ ಇರುತ್ತದೆ. ನಮ್ಮ ಗಾಡಿ ಸಕಲೇಶಪುರದ ಕಡೆ ಜಲ್ಲಿ, ಎಂ-ಸ್ಯಾಂಡ್ ಹೊಡೆಯುತ್ತದೆ. ಅರ್ಧ ದಾರಿ ಹೆದ್ದಾರಿ, ಉಳಿದದ್ದು ಕಾಫಿ ತೋಟದ ಕೆಂಪು ಮಣ್ಣು. ಟೈರ್ ಆರಿಸುವ ಕಷ್ಟ ಇರುವುದೇ ಇಲ್ಲಿ. ಬರೀ ರಿಬ್, ಅಂದರೆ ಸುತ್ತಲೂ ಉದ್ದ ಗೀರುಗಳಿರುವ ಟೈರ್ ಹಾಕಿದರೆ ಮೊದಲ ಮಳೆಗೇ ತೋಟದ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಅದನ್ನು ಬಿಟ್ಟುಬಿಡಿ.

ಎಂಟಕ್ಕೆ ಎಂಟೂ ಲಗ್, ಅಂದರೆ ಅಡ್ಡಡ್ಡಲಾಗಿ ದಪ್ಪ ರಬ್ಬರ್ ಗಟ್ಟೆಗಳಿರುವ ಟೈರ್ ಹಾಕಿದಾಗ ಕೆಸರಿನಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಗಟ್ಟೆಗಳ ನಡುವೆ ಜಾಗ ಜಾಸ್ತಿ, ಚಕ್ರ ತಿರುಗಿದಂತೆ ಮಣ್ಣು ತಾನೇ ಉದುರುತ್ತದೆ. ಆದರೆ ಹೆದ್ದಾರಿಯಲ್ಲಿ ಸದ್ದು ಜೋರು, ದಪ್ಪ ರಬ್ಬರ್ ಬೇಗ ಬಿಸಿಯಾಗುತ್ತದೆ. ಗಟ್ಟೆಯ ಒಂದೇ ಅಂಚು ಸವೆದು ಗರಗಸದ ಹಲ್ಲಿನಂತಾಗುತ್ತದೆ. ಶಿರಾಡಿ ಘಾಟಿಯ ಒದ್ದೆ ಕಾಂಕ್ರೀಟ್ ಮೇಲೆ ಬ್ರೇಕ್ ಒತ್ತಿದಾಗ ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಒಂದು ಬದಿಯಲ್ಲಿ ಅಕ್ಕಪಕ್ಕ ಇರುವ ಎರಡು ಟೈರ್‌ಗಳ ಜೋಡಿಯೊಳಗೇ ಬೆರಕೆ, ಅಂದರೆ ಹೊರಗೆ ಲಗ್, ಒಳಗೆ ರಿಬ್ ಹಾಕಿ ಅಂತ ಹೇಳುವವರು ಬಹಳ. ನಾನು ಬೇಡ ಅಂತಲೇ ಹೇಳುತ್ತೇನೆ. ಹೊಸ ಲಗ್‌ನ ಟ್ರೆಡ್ ಆಳ, ಸವೆದ ರಿಬ್‌ಗಿಂತ ಅದರ ಸುತ್ತಳತೆ ದೊಡ್ಡದು. ಎರಡೂ ಒಂದೇ ಹಬ್‌ಗೆ ಬಿಗಿದಿರುವುದರಿಂದ ಒಟ್ಟಿಗೇ ತಿರುಗಬೇಕು. ದೊಡ್ಡದು ಭಾರವೆಲ್ಲ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ನೆಲಕ್ಕೆ ಉಜ್ಜಿಕೊಂಡೇ ಸವೆಯುತ್ತದೆ. 10.00-20 ಅಳತೆಯಲ್ಲಿ ಜೋಡಿ ಟೈರ್‌ಗಳ ವ್ಯಾಸದ ವ್ಯತ್ಯಾಸ ಅರ್ಧ ಇಂಚು ದಾಟಬಾರದು. ಟೇಪ್ ಸುತ್ತಿ ಅಳೆದರೆ ಅದು ಸುಮಾರು ಒಂದೂವರೆ ಇಂಚು. ನೈಲಾನ್ ನೂಲಿನ ಟೈರ್, ಉಕ್ಕಿನ ತಂತಿಯ ರೇಡಿಯಲ್ ಟೈರ್ ಎರಡನ್ನೂ ಒಂದೇ ಆಕ್ಸಲ್‌ಗೆ ಹಾಕಲೇಬಾರದು.

ನನಗೆ ಒಪ್ಪಿಗೆಯಾದದ್ದು ಆ ಎರಡು ಹೌಸಿಂಗ್‌ಗಳಲ್ಲಿ ಮುಂದಿನದಕ್ಕೆ ನಾಲ್ಕು ಲಗ್, ಹಿಂದಿನದಕ್ಕೆ ನಾಲ್ಕು ಸೆಮಿ ಲಗ್ (ಲಗ್‌ಗೂ ರಿಬ್‌ಗೂ ನಡುವಿನ ಬಗೆ). ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ಲಗ್ ಹಿಂದೆ ಇರಲಿ ಎನ್ನುವ ಮಾತೂ ಇದೆ. ಅದು ಸುಳ್ಳಲ್ಲ. ಆದರೆ ನನಗೆ ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ಜಾರದಿರುವುದು ಮುಖ್ಯ. ಸೆಮಿ ಲಗ್‌ನಲ್ಲಿ ನೆಲಕ್ಕೆ ತಾಗುವ ರಬ್ಬರ್ ಜಾಸ್ತಿ ಅಲ್ವಾ?

ಇದರಲ್ಲಿ ಒಂದು ಗಮನ ಬೇಕು. ಎರಡು ಹೌಸಿಂಗ್‌ಗೂ ಎಳೆತ ಹಂಚುವ ನಡುವಿನ ಡಿಫರೆನ್ಷಿಯಲ್‌ಗೆ ಲಾಕ್ ಹಾಕದಿದ್ದರೆ, ಹಿಡಿತ ಕಡಿಮೆ ಇರುವ ಆಕ್ಸಲ್ ಎಷ್ಟು ಎಳೆಯುತ್ತದೋ ಇನ್ನೊಂದೂ ಅಷ್ಟೇ ಎಳೆಯುತ್ತದೆ. ಹಾಗಾಗಿ ಕೆಸರಿಗೆ ಇಳಿಯುವ ಮೊದಲೇ, ಚಕ್ರ ಜಾರುವುದಕ್ಕೆ ಮುಂಚೆ, ಲಾಕ್ ಹಾಕಬೇಕು. ಗಟ್ಟಿ ರಸ್ತೆ ಸಿಕ್ಕ ಕೂಡಲೇ ತೆಗೆಯಬೇಕು. ಎಂಟೂ ಟೈರ್‌ಗಳ ಸುತ್ತಳತೆ ಹೊಂದಬೇಕು. ಇಲ್ಲದಿದ್ದರೆ ಆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಸವೆಯುತ್ತದೆ.

ಗಾಡಿ ಬರೀ ಹೆದ್ದಾರಿಯಲ್ಲಿ ಓಡುವುದಾದರೆ ಎಂಟೂ ಸೆಮಿ ಲಗ್ ಸಾಕು. ಲಗ್ ಹಾಕಿದವರು ಕ್ರಷರ್‌ನಿಂದ ಹೊರಡುವ ಮೊದಲು ಇಳಿದು ಜೋಡಿಯ ಸಂದಿಯಲ್ಲಿ ಸಿಕ್ಕ ಜಲ್ಲಿ ತೆಗೆಯಿರಿ. ವೇಗ ಹಿಡಿದಾಗ ಅದು ಹಿಂದೆ ಬೈಕಿನಲ್ಲಿ ಬರುವವರ ಮುಖಕ್ಕೆ ಸಿಡಿಯುತ್ತದೆ.